ಆಡಲು ಬಿಡು ಎಂದು ಮಾವನನ್ನು ಕೇಳಿದ್ದು

ಹೊರದೇಶಕ್ಕೆ ಹೋಗಿ ಬಾಸ್ಕೆಟ್‌ಬಾಲ್ ಆಡಲು ನನಗೆ ಪಾಸ್‌ಪೋರ್ಟಿಗಿಂತ ಮೊದಲು ಬೇಕಾಗಿದ್ದದ್ದು ಸೋದರಮಾವನ ಒಪ್ಪಿಗೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತನ್ನ ತಮ್ಮನಿಗೆ ನನ್ನನ್ನು ಕೊಡುವುದಾಗಿ ಮಾತು ಕೊಟ್ಟಿದ್ದಳು. ನನ್ನನ್ನು ಕೇಳಲಿಲ್ಲವೆಂದು ಬೆಳೆದ ಮೇಲೆ ಎಷ್ಟೋ ಸಲ ರೇಗಿದ್ದೇನೆ. ತೊಟ್ಟಿಲ ಕೂಸನ್ನು ಯಾರು ಕೇಳುತ್ತಾರೆ?

ಎಪ್ಪತ್ತರ ದಶಕ. ಮಂಡ್ಯದ ಮಣ್ಣಿನ ಅಂಕಣದಲ್ಲಿ ಚಡ್ಡಿ ತೊಟ್ಟು ಆಡುವ ಹುಡುಗಿಯರನ್ನು ನೋಡಲೆಂದೇ ಗಂಡಸರು ಕಾಂಪೌಂಡಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಅವರೆದುರೇ ಆಡಿ ರಾಜ್ಯದ ತಂಡಕ್ಕೆ ಹೋದೆ, ಅಲ್ಲಿಂದ ದೇಶದ ತಂಡಕ್ಕೆ. ವಿದೇಶದ ಪಂದ್ಯಾವಳಿಗೆ ಆಯ್ಕೆಯಾದ ದಿನ ಅಪ್ಪ ಆಫೀಸಿನಿಂದ ಬಂದು ಷರ್ಟೂ ಬಿಚ್ಚದೆ ಕೂತು, ಮಳವಳ್ಳಿಯ ಮಾವನ ಮನೆಯವರು ಒಪ್ಪಿದರೆ ಹೋಗು, ಇಲ್ಲದಿದ್ದರೆ ಇಲ್ಲ ಅಂದರು. ಶಿಬಿರಕ್ಕೆ ಒಂದೇ ವಾರ ಉಳಿದಿತ್ತು.

ಮರುದಿನವೇ ಅವ್ವನೂ ನಾನೂ ಬಸ್ಸು ಹತ್ತಿದೆವು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಅವ್ವ ಕಾಫಿ ಕೊಡಿಸಿ, ಅಲ್ಲಿ ನೀನು ಬಾಯಿ ಬಿಡಬೇಡ, ನಾನು ಮಾತಾಡುತ್ತೇನೆ ಅಂದಳು.

ಮಳವಳ್ಳಿಯಲ್ಲಿ ಮಾತಾಡಿದ್ದೆಲ್ಲ ಅವ್ವನ ತಾಯಿ, ನನ್ನ ಅಜ್ಜಿಯೇ. ಹೋಗಲಿ, ಬೇಡವೆನ್ನುವುದಿಲ್ಲ, ಆದರೆ ಬರುವ ಸೋಮವಾರ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಕಳಿಸೋಣ, ಆಗ ಯಾರೂ ಆಡಿಕೊಳ್ಳುವುದಿಲ್ಲ ಅಂದಳು. ನನ್ನ ಪರವಾಗಿ ಮಾತಾಡಲು ಬಂದಿದ್ದ ಅವ್ವ ಹೂಂಗುಟ್ಟಿಬಿಟ್ಟಳು.

ಮಾವ ಕಬ್ಬಿನ ಗದ್ದೆಯಿಂದ ಬಂದು ಕಾಲು ತೊಳೆದು ಕಂಬಕ್ಕೆ ಒರಗಿ ಕೂತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಮ್ಮಿ. ಕೂತಲ್ಲಿಂದಲೇ ನನ್ನ ಕಡೆ ತಿರುಗಿದ.

"ತಾಳಿ ಆಕ್ಕೊಂಡು ಆಡಾಕಾಯ್ತದಾ?"

ಅವ್ವ ಕಣ್ಣಲ್ಲೇ ಗದರಿದಳು. ಆಗುತ್ತದೆ ಅಂದರೆ ಸೋಮವಾರ ಮದುವೆ; ಆಗುವುದಿಲ್ಲ ಅಂದರೆ ಆಟವನ್ನೇ ಬಿಡಿಸುತ್ತಾರೆ. ಆದರೂ ಇದ್ದದ್ದನ್ನೇ ಹೇಳಿದೆ. ಬಳೆ, ಸರ ಯಾವುದೂ ಮೈಮೇಲೆ ಇರುವಂತಿಲ್ಲ, ರೆಫರಿ ಬಿಚ್ಚಿಸಿಯೇ ಒಳಗೆ ಬಿಡುವುದು ಅಂದೆ. ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡಳು. ಗಂಡ ಬದುಕಿರುವಾಗ ತಾಳಿ ಬಿಚ್ಚಿಡುವುದುಂಟೆ, ಇಂಥ ಆಟವೇ ಬೇಡ, ಇವತ್ತಿಗೇ ನಿಲ್ಲಿಸು ಅಂದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಬುಡವ್ವ," ಅಂದ ಮಾವ, ಅಜ್ಜಿಗೆ. "ದಿನಾ ಬಿಚ್ಚೋ ತಾಳಿಯ ನಾನು ಕಟ್ಟಾಕಿಲ್ಲ. ಅವ್ಳು ಓಗ್ಲಿ."

ಎದ್ದು ಒಳಗೆ ಹೋದ ಅಜ್ಜಿ ನಾವು ಹೊರಡುವವರೆಗೂ ಆಚೆ ಬರಲಿಲ್ಲ.

ಮಾವನೇ ಬಸ್ ಸ್ಟಾಂಡಿಗೆ ಬಂದ. ಅವ್ವ ಹತ್ತಿ ಸೀಟು ಹಿಡಿಯುವಷ್ಟರಲ್ಲಿ, ನಾನು ಬರುವವರೆಗೆ ಕಾಯುತ್ತೀಯಾ ಎಂದು ಕೇಳಿಬಿಟ್ಟೆ. ಅಷ್ಟು ದೊಡ್ಡ ಉಪಕಾರ ಮಾಡಿದವನಿಗೆ ಏನಾದರೂ ಕೊಡಬೇಕು ಅನಿಸಿತ್ತು.

"ಕಾಯಾಕಿಲ್ಲ ಕಣ್ ಮಗ. ನಾನು ಕಾಯ್ತಾ ಕುಂತ್ರೆ ನೀನು ಬಾಲ್ ಇಡ್ಕಂಡು ನನ್ ಮಕ ನೆನಿಸ್ಕತೀಯ. ನೆಟ್ಗೆ ಆಡೋಗು."

ಬಿಡುಗಡೆ ಬೇಡಲು ಹೋಗಿದ್ದವಳು ನಾನೇ. ಅದು ಸಿಕ್ಕಿದ ಮೇಲೆ ಮದ್ದೂರು ಬರುವವರೆಗೂ ಅಳುತ್ತಲೇ ಇದ್ದೆ.

ಹೊರದೇಶದಲ್ಲಿ ಮೊದಲ ಪಂದ್ಯ ಸೋತೆವು, ಎರಡನೆಯದು ಗೆದ್ದೆವು. ಅವನು ಹೇಳಿದಂತೆಯೇ ಆಡುವಾಗ ಅವನ ಮುಖ ನೆನಪಾಗಲಿಲ್ಲ. ವಾಪಸು ಬರುವಷ್ಟರಲ್ಲಿ ಅವನಿಗೆ ಶಿವಪುರದ ಕಡೆಯ ಹೆಣ್ಣು ನಿಶ್ಚಯವಾಗಿತ್ತು. ಮದುವೆಗೆ ಹೋದೆ. ಅಕ್ಷತೆ ಹಾಕಲು ಹತ್ತಿರ ಹೋದಾಗ ಮಾವ ಬಾಸಿಂಗದ ಅಡಿಯಿಂದ ನನ್ನನ್ನು ನೋಡಿ, ಗೆದ್ರಾ ಎಂದು ಮೆಲ್ಲಗೆ ಕೇಳಿದ. ಹೂಂ ಅಂದೆ. ಕೈಯಲ್ಲಿದ್ದ ಅಕ್ಷತೆಯನ್ನು ಇಬ್ಬರ ತಲೆಯ ಮೇಲೂ ಹಾಕಿ ಕೆಳಗಿಳಿದೆ.