ಕುದುರೆ ಕೂದಲೆಂದು ಹೇಳಿದ್ದು

ರಹೀಂ ಸಾಬ್ರೇ, ಗಾವಡಗೆರೆ ಗೌಡರ ಹೊಸ ಮನೆಯ ಬಾಗಿಲುಗಳಿಗೆ ನೀವು ವಾರ್ನಿಷ್ ಹೊಡೆದ ಬ್ರಷ್ಷು ಕುದುರೆ ಕೂದಲಿನದಲ್ಲ. ಹಂದಿಯದು. ನನಗೆ ಆವತ್ತೇ ಗೊತ್ತಿತ್ತು.

ಸಾವಿರದ ಒಂಬೈನೂರ ಐವತ್ತೈದರ ಆಚೀಚೆ ಇರಬೇಕು — ಹುಣಸೂರಿನಲ್ಲಿ ನಾವಿಬ್ಬರೂ ಕೂಡಿ ಪಾಲಿಷ್ ಕೆಲಸ ಹಿಡಿಯುತ್ತಿದ್ದೆವು. ನಿಮ್ಮ ಮೇಕೆ ಕೂದಲಿನ ಬ್ರಷ್ಷು ತೀರ ಮೆತ್ತಗೆ. ಗಟ್ಟಿ ವಾರ್ನಿಷ್ ಎಳೆದರೆ ತೇಗದ ಮೇಲೆ ಗೆರೆ ನಿಲ್ಲುತ್ತಿತ್ತು. ಗೃಹಪ್ರವೇಶಕ್ಕೆ ವಾರವಿತ್ತು. ಬೇರೆಯವರನ್ನು ಕರೆಸುತ್ತೇನೆ ಎಂದರು ಗೌಡರು. ಬೇರೆ ಬ್ರಷ್ಷಿಗಾಗಿ ನಾನು ಮೈಸೂರಿಗೆ ಓಡಿದೆ. ವಾರ್ನಿಷ್‌ಗೆ ಹಂದಿ ಕೂದಲೇ ಸರಿ, ಬಿರುಸಾಗಿರುತ್ತೆ, ತುದಿ ಸೀಳಿರುತ್ತೆ, ಗೆರೆ ಬಿಡೋಲ್ಲ ಎಂದ ಅಂಗಡಿಯವನು. ಅವನು ಹೇಳಿದ್ದು ನಿಜ. ಬ್ರಷ್ಷೇನೋ ಸರಿಯಾದದ್ದೇ — ಅದನ್ನು ನಿಮ್ಮ ಕೈಗೆ ಕೊಟ್ಟ ನಾನು...

ನೀವು ತಿರುಗಿಸಿ ನೋಡಿ ಕೇಳಿದಿರಿ: "ಇದ್ಯಾವ್ ಕೂದ್ಲು ಶಿವಣ್ಣ?"

"ಕುದ್ರೇದು ಕಣ್ರೀ. ಸುಮ್ಕೆ ಒಡೀರಿ."

ನಂಬಿದಿರಿ. ಹೊಸ ಬ್ರಷ್ಷು ಕೂದಲು ಉದುರಿಸುತ್ತದಲ್ಲ — ಸಡಿಲಾದವನ್ನು ಎಂದಿನಂತೆ ಹಲ್ಲಿನಲ್ಲಿ ಕಚ್ಚಿ ಎಳೆದು ಉಗುಳಿದಿರಿ. ನಾಲ್ಕಾರು ಸಲ. ನಾನು ನೋಡುತ್ತ ನಿಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು — ಊಟಕ್ಕೆ ಮುಂಚೆ ಆ ಬ್ರಷ್ಷು ಮುಟ್ಟಿದ ಕೈಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದೆ. ನನ್ನ ಶುದ್ಧಿ ನನಗೆ ನೆನಪಿತ್ತು! ನೀವು ಪಕ್ಕದಲ್ಲೇ ಕೂತು, ಬಿಸ್ಮಿಲ್ಲಾ ಎಂದು ರೊಟ್ಟಿ ಮುರಿದಿರಿ. ಥೂ, ನನ್ನ ಜನ್ಮಕ್ಕಿಷ್ಟು.

ಬಾಗಿಲುಗಳು ಹೊಳೆದವು. ಗೌಡರು ನಿಮ್ಮ ಕೈಗುಣವನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ಪಾಲು ತೆಗೆದುಕೊಳ್ಳಲೂ ನನಗೆ ಹೇಸಿಗೆಯಾಗಲಿಲ್ಲ.

ಹಜ್‌ಗೆ ಹೊರಡುವವರು ಗುರುತಿನವರ ಮನೆಗೆಲ್ಲ ಹೋಗಿ ತಪ್ಪಿಗೆ ಮಾಫಿ ಕೇಳುವುದು ನಿಮ್ಮಲ್ಲಿ ಪದ್ಧತಿ. ಈ ವರ್ಷ ನೀವು ಹೊರಟಾಗ ನಮ್ಮ ಮನೆಗೂ ಬಂದಿರಿ. ನನ್ನ ಕೈ ಹಿಡಿದು, "ನನ್ನಿಂದೇನಾರ ತೆಪ್ಪಾಗಿದ್ರೆ ಮಾಪ್ ಮಾಡ್ಬುಡಿ ಶಿವಣ್ಣ" ಎಂದಿರಿ. ಆಗಲಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು — ಆದರೆ ನಾನು ಹೇಳಿದ್ದೇನು?

"ಮಾಪ್ ಮಾಡಿವ್ನಿ, ಓಗ್ಬನ್ನಿ."

ನಾನು — ನಿಮ್ಮನ್ನು — ಕ್ಷಮಿಸಿ ಕಳಿಸಿದೆ.

ನಿನ್ನೆ ನೀವು ವಾಪಸು ಬಂದಿರೆಂದು ತಿಳಿಯಿತು. ಈ ಕಾಗದವನ್ನು ಯಾರ ಕೈಲೂ ಕಳಿಸುವುದಿಲ್ಲ. ನಾಳೆ ಬೆಳಿಗ್ಗೆ ಬಂದು ನಿಮ್ಮೆದುರು ನಿಂತು ನಾನೇ ಹೇಳುತ್ತೇನೆ. ಮಾಫಿ ಕೇಳುವುದಿಲ್ಲ; ಕೇಳುವ ಮುಖ ನನಗಿಲ್ಲ.