ಅರಮನೆಯ ಹೊರಗೊಬ್ಬ ಗೈಡು

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅರಮನೆಗಳ ವಿಷಯದಲ್ಲಿ ಸ್ವಲ್ಪ ಜಂಬ ಇರುತ್ತದೆ. ನನಗೆ ಸ್ವಲ್ಪವಲ್ಲ, ಹಂಚಿದರೂ ಮಿಗುವಷ್ಟಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೌದಿಯ ರಾಬಿಗ್‌ನಲ್ಲಿ ಇಂಜಿನಿಯರಾಗಿದ್ದೆ. ಜಿದ್ದಾದಲ್ಲಿ ಹಿಂದಿನ ದೊರೆಯೊಬ್ಬರ ಅರಮನೆಯನ್ನು ಮ್ಯೂಸಿಯಂ ಮಾಡಿದ್ದಾರೆಂದು ಕೇಳಿದೊಡನೆ, ಅದನ್ನು ನೋಡಿ ಅಭಿಪ್ರಾಯ ಕೊಡುವುದು ನನ್ನ ಕರ್ತವ್ಯ ಅನ್ನಿಸಿತು. ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಕೇಳುವವಳು ಒಬ್ಬಳಿದ್ದಳು, ವಿಧಿಯಿಲ್ಲದೆ. ನನ್ನ ಹೆಂಡತಿ ವಿಸಿಟ್ ವೀಸಾದ ಮೇಲೆ ಮೂರು ತಿಂಗಳಿಗೆಂದು ಬಂದಿದ್ದಳು. ಮೈಸೂರಿನ ಹೈಸ್ಕೂಲೊಂದರಲ್ಲಿ ಅವಳಿಗೆ ಕೆಲಸವಿತ್ತು. ಅದಕ್ಕೆ ರಾಜೀನಾಮೆ ಕೊಟ್ಟು ಫ್ಯಾಮಿಲಿ ವೀಸಾದಲ್ಲಿ ನನ್ನ ಜೊತೆ ಇರಲು ಬರುತ್ತಾಳೋ ಇಲ್ಲವೋ ಎನ್ನುವುದೇ ನಮ್ಮಿಬ್ಬರ ನಡುವಿನ ದೊಡ್ಡ ಪ್ರಶ್ನೆ. ಹೊರಡುವ ದಿನ ಹತ್ತಿರ ಬಂದಿದ್ದರೂ ಅವಳು ಉತ್ತರ ಹೇಳಿರಲಿಲ್ಲ. ಅವಳಿಲ್ಲದ ಎರಡು ವರ್ಷ ನಾನು ಹೇಗೆ ಕಳೆದಿದ್ದೆನೆಂದು ನನಗೇ ಗೊತ್ತು. ಇನ್ನೊಮ್ಮೆ ಹಾಗೆ ಇರುವ ತಾಕತ್ತು ನನಗಿರಲಿಲ್ಲ.

ಅವಳ ಮನಸ್ಸನ್ನು ಒಲಿಸಲು ನಾನು ಹಿಡಿದ ದಾರಿಯೆಂದರೆ ವಿವರಣೆ. ಕೆಂಪು ಸಮುದ್ರ ಕೆಂಪಗಿಲ್ಲದಿರುವುದು ಏಕೆಂದು ವಿವರಿಸಿದೆ. ಬೇಕರಿಯವನು ರೊಟ್ಟಿಯನ್ನು ಒಲೆಗೆ ಹೇಗೆ ಬಡಿಯುತ್ತಾನೆಂದು, ಆ ರೊಟ್ಟಿ ಅವಳ ಕಣ್ಣೆದುರೇ ಬೇಯುತ್ತಿರುವಾಗ ವಿವರಿಸಿದೆ. ಅಲ್ಲಿ ಹೆಂಗಸರು ತೊಡುವ ಕಪ್ಪು ನಿಲುವಂಗಿ, ಅಬಾಯ, ಹಾಕಿಕೊಳ್ಳುವುದು ಹೇಗೆಂದೂ ಹೇಳಿಕೊಟ್ಟೆ, ಜನ್ಮವಿಡೀ ಅದನ್ನೇ ತೊಟ್ಟವನ ಹಾಗೆ. ಅವಳು ಶಾಲೆಯಲ್ಲಿ ಹೇಳುತ್ತಿದ್ದುದು ಚರಿತ್ರೆಯ ಪಾಠ. ಆದರೂ ಅರೇಬಿಯದ ಚರಿತ್ರೆಯನ್ನು ನಾನೇ ಅವಳಿಗೆ ಹೇಳಿದೆ. ಅವಳು "ಹೂಂ" ಅನ್ನುತ್ತಿದ್ದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ.

ಗುರುವಾರದ ರಜೆಯಲ್ಲಿ ಜಿದ್ದಾಕ್ಕೆ ಹೊರಟೆವು. ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಪದೇ ಪದೇ ಫೇಲಾಗಿದ್ದರಿಂದ ಕಾರು ನಮ್ಮ ಕಂಪನಿಯ ಸ್ಟೋರ್ಸಿನಲ್ಲಿದ್ದ ಗೆಳೆಯನದು. ಅವನು ಉಡುಪಿ ಕಡೆಯ ಬ್ಯಾರಿ. ಅವನ ಹೆಂಡತಿಯೂ ನನ್ನ ಹೆಂಡತಿಯೂ ಹಿಂದಿನ ಸೀಟಿನಲ್ಲಿ ಕೂತರು. ನಾನು ಮುಂದೆ ಕೂತು, ಹಿಂದಕ್ಕೆ ತಿರುಗಿ, ದಾರಿಯುದ್ದಕ್ಕೂ ಅರಮನೆಗಳ ಬಗ್ಗೆ ಉಪನ್ಯಾಸ ಕೊಟ್ಟೆ.

"ಕುತ್ತಿಗೆ ಉಳುಕ್ತದೆ ಮಾರಾಯ್ರೆ, ಎದುರು ನೋಡಿ," ಅಂದ ಗೆಳೆಯ. "ಅಲ್ಲ, ಇವತ್ತು ನಮ್ಮನ್ನು ಒಳಗೆ ಬಿಡ್ತಾರಾ ಅಂತ ಕೇಳಿದ್ದೀರಾ?"

"ಇವತ್ತು ಫ್ಯಾಮಿಲಿಯವರ ದಿನ, ವಿಚಾರಿಸಿಯೇ ಬಂದಿದ್ದೇನೆ," ಎಂದೆ ಗತ್ತಿನಿಂದ. ಆ ದೇಶದ ಹೋಟೆಲುಗಳಲ್ಲಿ ಒಂಟಿ ಗಂಡಸರಿಗೆ ಒಂದು ಕಡೆ, ಫ್ಯಾಮಿಲಿಗೆ ಇನ್ನೊಂದು ಕಡೆ. ಎರಡು ವರ್ಷ ಒಂಟಿಯಾಗಿ ಬೀದಿ ಬಾಗಿಲಿನ ಪಕ್ಕ ಕೂತು ತಿಂದವನಿಗೆ, ಹೆಂಡತಿಯ ಜೊತೆ ಪರದೆಯೊಳಗೆ ಕೂರುವ ಭಾಗ್ಯ ಬಂದ ಮೇಲೆ ಫ್ಯಾಮಿಲಿ ಅಂದರೆ ನಾನೇ ಅನ್ನಿಸಿಬಿಟ್ಟಿತ್ತು.

ಅರಮನೆಯ ಗೇಟಿನಲ್ಲಿದ್ದ ಕಾವಲುಗಾರ ಹಾಗೆಂದುಕೊಂಡಿರಲಿಲ್ಲ. ಇಬ್ಬರು ಹೆಂಗಸರನ್ನೂ ಒಳಗೆ ಬಿಟ್ಟು, ನನ್ನ ಎದೆಗೆ ಅಡ್ಡಲಾಗಿ ಕೈ ಹಿಡಿದ. "ಆಜ್ ಸಿರ್ಫ್ ಔರತ್, ಬಚ್ಚಾ," ಅಂದ. ಹೋಟೆಲಿನ ಫ್ಯಾಮಿಲಿಯೇ ಬೇರೆ, ಇಲ್ಲಿಯದೇ ಬೇರೆ. ಆ ದಿನ ಹೆಂಗಸರು ಮಕ್ಕಳಿಗೆ ಮಾತ್ರ ಪ್ರವೇಶ. ನಾನು ಮೈಸೂರಿನವನೆಂದು ತಿಳಿಸಿದೆ. ಅವನಿಗೆ ಅದರಿಂದ ಏನೂ ಆಗಲಿಲ್ಲ.

ಹೆಂಡತಿ ಒಮ್ಮೆ ತಿರುಗಿ ನೋಡಿದಳು. "ಮೊದಲು ದರ್ಬಾರು ಹಾಲ್ ನೋಡು, ಆಮೇಲೆ ಎಡಗಡೆ..." ಎಂದು ನಾನು ಗೇಟಿನಿಂದಲೇ ಕೂಗಿದೆ. ಒಳಗೆ ಎಡಗಡೆ ಏನಿದೆಯೋ ನನಗೇನು ಗೊತ್ತು? ಅವಳು ಕೈ ಬೀಸಿ ಹೋಗಿಬಿಟ್ಟಳು.

ಗೋಡೆಯ ನೆರಳಿನಲ್ಲಿ ಆಗಲೇ ಒಂದಷ್ಟು ಗಂಡಂದಿರು ಕೂತಿದ್ದರು. ನಾವೂ ಕೂತೆವು. ಸುಮ್ಮನಿರಲಾರದೆ ಗೆಳೆಯನಿಗೆ ಮೈಸೂರು ಅರಮನೆಯ ವರ್ಣನೆ ಶುರುಮಾಡಿದೆ. ಅಂಬಾರಿಯವರೆಗೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಆಮೇಲೆ ನನ್ನ ಪಾಡಿಗೆ ನಾನು ಗೋಡೆ ನೋಡುತ್ತಾ ಕೂತೆ. ಅವಳು ಬೇಗ ಬರುತ್ತಾಳೆ, ನಾನಿಲ್ಲದೆ ಅಲ್ಲಿ ಅವಳಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ಅವಳು ಬೇಗ ಬರಲಿಲ್ಲ. ನೆರಳು ಸರಿದು ಬಿಸಿಲು ಬಂತು, ಜಾಗ ಬದಲಿಸಿದೆವು, ಆಗಲೂ ಬರಲಿಲ್ಲ.

ಕೊನೆಗೆ ಇಬ್ಬರೂ ನಗುತ್ತಾ ಹೊರಬಂದರು. ಹೆಂಡತಿ ಹಾಗೆ ನಕ್ಕಿದ್ದನ್ನು ಆ ಮೂರು ತಿಂಗಳಲ್ಲಿ ನಾನು ನೋಡಿರಲಿಲ್ಲ.

ಕಾರು ಹೊರಟ ಮೇಲೆ ಗೆಳೆಯನ ಹೆಂಡತಿ ಹೇಳಿದಳು: "ಅಕ್ಕ ಒಂದೊಂದರ ಎದುರೂ ನಿಂತೇ ಬಾಕಿ. ಅಲ್ಲಿಯ ಹೆಂಗಸರೊಟ್ಟಿಗೆ ಕೈಸನ್ನೆಯಲ್ಲಿ ಎಂತೆಲ್ಲ ಮಾತಾಡಿದ್ರು ಗೊತ್ತುಂಟಾ?"

"ಒಳಗೆ ಕಾಫಿ ಹೂಜಿಗಳಿದ್ದವಾ?" ಎಂದೆ. "ಅವುಗಳ ಮೂತಿ ಹಾಗೆ ಬಾಗಿರುವುದೇಕೆ ಎಂದರೆ..."

"ಗೊತ್ತು ರೀ. ನೋಡ್ದೆ."

ನಾನು ಇನ್ನಷ್ಟು ಹಿಂದಕ್ಕೆ ತಿರುಗಿದೆ. "ಅರಮನೆ ಅಷ್ಟೊಂದು ಚೆನ್ನಾಗಿತ್ತಾ?"

"ನಮ್ಮೂರಿನದರ ಮುಂದೆ ಏನೂ ಅಲ್ಲ," ಅಂದಳು. ಮರುಕ್ಷಣವೇ, "ಆದ್ರೆ ಮೂರು ತಿಂಗಳಿಂದ ನಾನು ಈ ದೇಶನ ಬರೀ ಕೇಳಿಸ್ಕೊಳ್ತಾ ಇದ್ದೆ. ನೋಡಿದ್ದು ಇವತ್ತೇ," ಅಂದಳು.

ಗೆಳೆಯ ರಸ್ತೆಯನ್ನೇ ನೋಡುತ್ತಿದ್ದ. ಅವನ ಹೆಂಡತಿ ಕಿಟಕಿಯಾಚೆ ನೋಡಿದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಹೆಂಡತಿಯನ್ನೇ ನೋಡಿದೆ.

"ಊರಿಗೆ ಹೋದವ್ಳು ವಾಪಸ್ ಇಲ್ಲಿಗೆ ಬರೋದು ಬೇಡ ಅಂತ ಹೋದ ವಾರಾನೇ ತೀರ್ಮಾನ ಮಾಡಿದ್ದೆ," ಅಂದಳು ಮೆಲ್ಲಗೆ. "ನಿಮಗೆ ಹೇಳೋಣ ಅಂದ್ರೆ, ನೀವು ಮಾತು ನಿಲ್ಲಿಸ್ಲೇ ಇಲ್ಲ."

"ಈಗ?" ಎಂದೆ. ಅಷ್ಟು ಚಿಕ್ಕ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

"ಈಗ ಇನ್ನೊಂದ್ಸಲ ಯೋಚ್ನೆ ಮಾಡ್ತಾ ಇದೀನಿ. ಸ್ವಲ್ಪ ಸುಮ್ನಿರಿ."

ನಾನು ಎದುರಿಗೆ ತಿರುಗಿ ಕೂತೆ. ರಾಬಿಗ್ ತಲುಪುವವರೆಗೆ ಕೆಮ್ಮಲಿಕ್ಕೂ ಹೆದರಿಕೆಯಾಗುತ್ತಿತ್ತು.