ಎದೆಯ ಮೇಲಿನ ಹಳದಿ ಚೀಟಿ

ನನ್ನನ್ನು ಕಣಕುಂಬಿ ಶಾಖೆಗೆ ಎತ್ತಿ ಹಾಕಬಹುದಿತ್ತು. ಅಲ್ಲಿಯ ಮಳೆಗೆ ನನ್ನ ದಮ್ಮು ಕೆರಳಬಹುದಿತ್ತು. ಬೆಳಗಾವಿ ಸದಾಶಿವನಗರದ ಬಾಡಿಗೆ ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೇ ಉಳಿಯಬಹುದಿತ್ತು. ಕಂಪ್ಯೂಟರು ಅಣ್ಣನಿಗೆ ಸಿಕ್ಕು ನನಗೆ ಸಿಗದೆ, ನಮ್ಮಿಬ್ಬರ ಹೆಂಡಂದಿರು ಮಾತು ಬಿಡಬಹುದಿತ್ತು. ಮಧ್ಯಾಹ್ನದ ಚಹಾ ಬರುವಷ್ಟರಲ್ಲಿ ಇದೆಲ್ಲ ನನ್ನ ತಲೆಯೊಳಗೆ ಆಗಿಯೇ ಹೋಗಿತ್ತು.

ಎರಡು ಸಾವಿರದ ಆಸುಪಾಸು. ಅಣ್ಣ, ನಾನು ಇಬ್ಬರೂ ಬೆಳಗಾವಿಯ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಕಂಪ್ಯೂಟರು ಬರುವುದಿತ್ತು. ಅದರ ಮುಂದೆ ಯಾರು ಕೂರಬೇಕು, ಕಣಕುಂಬಿಗೆ ಯಾರು ಹೋಗಬೇಕು ಎಂದು ಆರಿಸಿಕೊಡಲು ಹುಬ್ಬಳ್ಳಿಯಿಂದ ತರಬೇತಿಯವನೊಬ್ಬ ಬಂದ. ಅರವತ್ತೈದನೇ ಇಸವಿಗಿಂತ ಮೊದಲು ಹುಟ್ಟಿದವರು ‘ಬೂಮರ್’, ಅವರ ಎದೆಗೆ ಹಳದಿ ಚೀಟಿ. ಆಮೇಲಿನವರು ‘ಜನರೇಷನ್ ಎಕ್ಸ್’, ಹಸಿರು ಚೀಟಿ. ಅವರು ಹೊಸದನ್ನು ಬೇಗ ಕಲಿಯುತ್ತಾರಂತೆ. ಸಂತೆಯಲ್ಲಿ ಕುರಿ ಕೊಳ್ಳುವವನು ಬಾಯಿ ತೆರೆಸಿ ಹಲ್ಲನ್ನಾದರೂ ನೋಡುತ್ತಾನೆ. ಇವನು ನಮ್ಮ ಮುಖವನ್ನೂ ನೋಡಲಿಲ್ಲ.

ಹೆಸರುಗಳ ಮೂಲವನ್ನೂ ವಿವರಿಸಿದ. ಎರಡನೇ ಮಹಾಯುದ್ಧ ಮುಗಿಸಿ ಮನೆ ಸೇರಿದ ಅಮೆರಿಕದ ಸಿಪಾಯಿಗಳಿಗೆ ಒಮ್ಮೆಲೇ ವಿಪರೀತ ಮಕ್ಕಳಾದವು, ಆ ಮಕ್ಕಳು ಬೂಮರ್. ನಂತರದವರಿಗೆ ಏನೆನ್ನಬೇಕೋ ತಿಳಿಯದೆ ಎಕ್ಸ್. ಪಾರಿಶ್ವಾಡದ ಹೊಲ ಬಿಟ್ಟು ಖಾನಾಪುರದ ಸಂತೆಗೆ ಹೋಗಲೂ ಬೇಸರಪಡುತ್ತಿದ್ದ ನಮ್ಮಪ್ಪ ಯಾವ ಯುದ್ಧದಿಂದ ಮರಳಿದ್ದನೋ!

ನನಗೆ ಹಳದಿ, ಅಣ್ಣನಿಗೆ ಹಸಿರು.

ನಮ್ಮೂರ ಸಾಲೆಯಲ್ಲಿ ವಯಸ್ಸನ್ನು ಅಳೆಯುತ್ತಿದ್ದುದು ಕೈಯಿಂದ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ತುಂಬಿತೆಂದು ಲೆಕ್ಕ. ಅಪ್ಪ ಇಬ್ಬರನ್ನೂ ಒಟ್ಟಿಗೇ ಕರೆದೊಯ್ದಿದ್ದ. ನನ್ನದು ಮೊದಲಿನಿಂದಲೂ ಕೋತಿಯ ಕೈ, ಮುಟ್ಟಿತು. ನನಗಿಂತ ಒಂದೂವರೆ ವರ್ಷ ದೊಡ್ಡವನಾದ, ಗಿಡ್ಡ ಕೈಯ ಅಣ್ಣನಿಗೆ ಕಿವಿ ಎಟುಕಲಿಲ್ಲ. ಮಾಸ್ತರರು ಅವನಿಗೆ ಬರುವ ವರ್ಷ ಬಾ ಎಂದರು. ಹೀಗೆ ಊರಿನ ಎಲ್ಲ ಮಕ್ಕಳಂತೆ ಸಾಲೆಯ ದಾಖಲೆಯಲ್ಲಿ ನಾವಿಬ್ಬರೂ ಜೂನ್ ಒಂದಕ್ಕೆ ಹುಟ್ಟಿದೆವು. ನಾನು ಒಂದು ವರ್ಷ ಮೊದಲು, ಅರವತ್ತನಾಲ್ಕರಲ್ಲಿ; ಅಣ್ಣ ಅರವತ್ತೈದರಲ್ಲಿ.

“ಸಾಹೇಬ್ರ, ಇಂವ ನಮ್ಮಣ್ಣರೀ,” ಎಂದೆ.

“ರೆಕಾರ್ಡಿನ್ಯಾಗ ನೀವ ದೊಡ್ಡವ್ರು ಅದೀರಿ,” ಎಂದ ತರಬೇತಿಯವನು.

“ಹಳದಿ ಅಂದ್ರ ಹಳದಿ. ಕುಂದರ್ರಿ,” ಎಂದರು ನಮ್ಮ ಮ್ಯಾನೇಜರರು.

ಶನಿವಾರ ಇಬ್ಬರೂ ಊರಿಗೆ ಹೋಗಿ ಅವ್ವನಿಗೆ ಹೇಳಿದೆವು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಂವಗೇನ ಗೊತ್ತೋ? ದೊಡ್ಡಾಂವ ಊರಿಗೆ ಕರೆಂಟ ಬರೂಕಿಂತ ಮೊದಲ ಹುಟ್ಟಿದಾಂವ, ನೀ ಕರೆಂಟ ಬಂದ ಮ್ಯಾಲಿನಾಂವ. ಅದಕ್ಕ ಅಂವಾ ಇನ್ನೂ ದೀಪಾ ಆರಿಸ್ಕೋತ ತಿರಗತಾನ, ನೀ ಹಚ್ಚಿ ಹಂಗ ಬಿಟ್ಟ ಹೋಗ್ತಿ.”

ಆ ಹೊತ್ತಿಗೆ ಅಣ್ಣ ಪಡಸಾಲೆಯ ದೀಪ ಆರಿಸುತ್ತಿದ್ದ. ಹಣೆಪಟ್ಟಿ ಎಂದರೆ ಹೀಗಿರಬೇಕು, ಅದರಿಂದ ಮನುಷ್ಯನ ಬಗ್ಗೆ ಏನಾದರೂ ತಿಳಿಯಬೇಕು. ಆ ಹಳದಿ ಚೀಟಿಯಿಂದ ತಿಳಿದದ್ದು ನನ್ನ ಕೈಯ ಉದ್ದ ಮಾತ್ರ.

ಕೊನೆಗೆ ಕಣಕುಂಬಿಗೆ ಆ ಊರಿನ ಅಳಿಯನೊಬ್ಬ ತಾನೇ ಕೇಳಿಕೊಂಡು ಹೋದ. ಕಂಪ್ಯೂಟರಿನ ಮುಂದೆ ನಮ್ಮಿಬ್ಬರನ್ನೂ ಕೂರಿಸಿದರು. ಹಸಿರು ಚೀಟಿಯ ಅಣ್ಣ ನನಗಿಂತ ನಿಧಾನವಾಗಿ ಕಲಿತ. ಹೆಂಡಂದಿರು ಮಾತು ಬಿಡಲಿಲ್ಲ, ನನ್ನ ಎದೆಯೂ ನೆಟ್ಟಗಿದೆ.

ಕೆಟ್ಟದ್ದು ಒಂದೇ. ಆ ಸಲ ಅವ್ವನನ್ನು ಕಂಡು ಊರಿನಿಂದ ಮರಳುವಾಗ ಬಸ್ಸಿನಲ್ಲಿ ಕಂಡಕ್ಟರ್ ಬಂದ. ಅಣ್ಣ ಕಿಸೆಗೆ ಕೈ ಹಾಕಲಿಲ್ಲ. ಎಲ್ಲರಿಗೂ ಕೇಳುವಂತೆ ನನ್ನ ಕಡೆ ತಿರುಗಿ ಹೇಳಿದ: “ಅಣ್ಣಾ, ಹಿರ್ಯಾ ನೀ ಅದಿ. ಟಿಕೀಟ ನೀನ ತಗಸು.”

ಇವತ್ತಿಗೂ ನಾನೇ ತೆಗೆಸುತ್ತೇನೆ.